ಯುದ್ಧಾಂತ್ಯಕಾಲದ ಜಪಾನೀ ಬಂದೂಕುಗಳ ಗುಣಪರೀಕ್ಷೆ

ಶಸ್ತ್ರವನ್ನು ಪರೀಕ್ಷಿಸಿಯೇ ಸ್ವೀಕರಿಸಬೇಕೆಂಬ ವಿಧಿಯು ಪ್ರಾಚೀನವಾದುದು. ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ ಖಡ್ಗಲಕ್ಷಣಕ್ಕಾಗಿ ಒಂದು ಅಧ್ಯಾಯವನ್ನೇ ರಚಿಸಿರುವನು. ಎರಡನೆಯ ಮಹಾಯುದ್ಧದ ಅಂತ್ಯದಲ್ಲಿ ತಯಾರಾಗಿ ಈಗ ಸಂಗ್ರಾಹಕರಿಗೆ ವಿಕ್ರಯವಾಗುವ ಬಂದೂಕುಗಳಿಗೂ ಈ ವಿಧಿಯು ಅನ್ವಯಿಸುವುದು. ಜಪಾನಿನ 99ನೆಯ ಮಾದರಿಯ ಅರಿಸಾಕಾ ಬಂದೂಕು ಇದಕ್ಕೆ ತಕ್ಕ ನಿದರ್ಶನವಾಗಿದೆ.

1939ರಲ್ಲಿ ಅಂಗೀಕೃತವಾದ ಈ 7.7 ಮಿಲಿಮೀಟರ್ ಬಂದೂಕಿನ ಮೊದಲ ತಯಾರಿಕೆಗಳಲ್ಲಿ ನಳಿಗೆಯೊಳಗೆ ಕ್ರೋಮಿಯಮ್ ಲೇಪವೂ, ದೂರಕ್ಕೆ ತಕ್ಕಂತೆ ಸರಿಪಡಿಸುವ ಗುರಿಕಣ್ಣೂ, ಧೂಳನ್ನು ತಡೆಯುವ ಮುಚ್ಚಳವೂ ಇದ್ದವು. 1944-45ರಲ್ಲಿ ಲೋಹವೂ ಕಾಲಾವಕಾಶವೂ ಕ್ಷೀಣಿಸಲು ಇವು ಒಂದೊಂದಾಗಿ ಲೋಪವಾದವು. ಗುರಿಕಣ್ಣು ಸ್ಥಿರವಾಯಿತು, ಹಿಡಿಯ ತುದಿಗೆ ಉಕ್ಕಿನ ತಗಡಿಗೆ ಬದಲಾಗಿ ಮರದ ಹಲಗೆ ಬಂದಿತು, ಅರದ ಗೆರೆಗಳು ಲೋಹದ ಮೇಲೆ ಹಾಗೆಯೇ ಉಳಿದವು. ಇವೆಲ್ಲ ಬಹುಮಟ್ಟಿಗೆ ಅಂದಕ್ಕೂ ಅನುಕೂಲಕ್ಕೂ ಆದ ಹಾನಿ. ಸಿಡಿತದ ಒತ್ತಡವನ್ನು ತಡೆಯುವ ಭಾಗಗಳು ಎರಡು: ತೋಟಾವನ್ನು ಹಿಂದಿನಿಂದ ಬಂಧಿಸುವ ಅಗುಳಿ, ಎಂದರೆ ಬೋಲ್ಟ್, ಅದನ್ನು ಧರಿಸಿರುವ ಉಕ್ಕಿನ ಕೋಶ. ಹೊರಗಣ ಒರಟುತನದಿಂದಲೇ ಇವು ದುರ್ಬಲವೆಂದು ನಿರ್ಣಯಿಸಲಾಗದು.

ನಿಜವಾದ ಅಪಾಯವು ಬೇರೊಂದು ಕಡೆಯಲ್ಲಿದೆ. ಶಿಕ್ಷಾರ್ಥಿಗಳ ಕವಾಯತಿಗಾಗಿ ಇದೇ ಆಕಾರದ ಬಂದೂಕುಗಳು ಜಪಾನಿನಲ್ಲಿ ತಯಾರಾಗಿದ್ದವು. ಅವುಗಳ ಕೋಶವು ಎರಕದ ಕಬ್ಬಿಣದ್ದು. ಹುಸಿ ತೋಟಾಗಳಿಗೆ ಮಾತ್ರ ತಕ್ಕ ಇವುಗಳಲ್ಲಿ ನಿಜವಾದ ತೋಟಾವನ್ನು ಹಾರಿಸಿದರೆ ಕೋಶವು ಒಡೆದು ಹಾರಿಸಿದವನಿಗೇ ಪ್ರಾಣಾಪಾಯವಾದೀತು. ಯುದ್ಧಾಂತ್ಯದ ಬಂದೂಕೂ ಒರಟಾಗಿರುವುದರಿಂದ ಎರಡಕ್ಕೂ ಭ್ರಾಂತಿ ಸುಲಭ.

ಆದಕಾರಣ ಕ್ರಯಾರ್ಥಿಯು ಮೊದಲು ಬಂದೂಕಿನಲ್ಲಿ ತೋಟಾ ಇಲ್ಲವೆಂದು ನಿಶ್ಚಯಿಸಿಕೊಂಡು, ಅಗುಳಿಯನ್ನು ತೆಗೆದು, ನಳಿಗೆಯನ್ನು ಬೆಳಕಿಗೆ ಹಿಡಿದು ನೋಡತಕ್ಕದ್ದು. ಒಳಗೆ ಸುರುಳಿಗೆರೆಗಳಿಲ್ಲದೆ ನುಣುಪಾಗಿದ್ದರೆ ಅದು ಕವಾಯತಿನದೆಂದು ಶಂಕಿಸಬೇಕು. ಗೆರೆಗಳಿದ್ದರೂ ತುಕ್ಕಿನ ಕುಳಿಗಳಿವೆಯೇ ಎಂದು ಪರಿಶೀಲಿಸಬೇಕು. ಕ್ರೋಮಿಯಮ್ ಲೇಪವಿಲ್ಲದ ನಳಿಗೆಗೆ ತುಕ್ಕು ಬೇಗ ತಗಲುವುದು. ಬಳಿಕ ಅಗುಳಿಯ ಮೇಲಣ ಸಂಖ್ಯೆಯನ್ನು ಕೋಶದ ಸಂಖ್ಯೆಯೊಡನೆ ಹೋಲಿಸಬೇಕು. ಅವು ಹೊಂದದಿದ್ದರೆ ತೋಟಾಕ್ಕೂ ಅಗುಳಿಗೂ ನಡುವಣ ತೆರಪು ಹೆಚ್ಚಾಗಿರಬಹುದು. ಬಂದೂಕಿನ ಕುಶಲಕರ್ಮಿಯು ಅದನ್ನು ಅಳತೆಗೋಲಿನಿಂದ ಪರೀಕ್ಷಿಸುವವರೆಗೆ ಹಾರಿಸಲಾಗದು.

ಕೋಶದ ಮೇಲಣ ಸೇವಂತಿಗೆಯ ರಾಜಲಾಂಛನವು ಅನೇಕ ಬಂದೂಕುಗಳಲ್ಲಿ ಉಜ್ಜಿಹೋಗಿರುವುದು. ಇದು 1945ರ ಶರಣಾಗತಿಯ ಕಾಲದ ಗುರುತು. ಲಾಂಛನವು ಉಳಿದಿದ್ದರೆ ಸಂಗ್ರಾಹಕರು ಹೆಚ್ಚು ಬೆಲೆ ಕೊಡುವರು. ಬಂದೂಕಿನ ಬಲಕ್ಕೆ ಅದರಿಂದ ಹೆಚ್ಚುಕಡಿಮೆಯೇನೂ ಇಲ್ಲ. ಬೆಲೆಯ ಲಕ್ಷಣಗಳನ್ನೂ ಬಲದ ಲಕ್ಷಣಗಳನ್ನೂ ಹೀಗೆ ಪ್ರತ್ಯೇಕಿಸುವುದೇ ಈ ಪರೀಕ್ಷೆಯ ಸಾರವು.