ದವನದ ಗಂಟು, ಲಾವಂಚದ ಗೊಂಬೆ

ಪರಿಮಳದ ಗಂಟು ಎಂದರೆ ಮೊದಲು ನೆನಪಾಗುವ ಲ್ಯಾವೆಂಡರ್‌ಗೆ ತಂಪು ಬೆಟ್ಟದ ಹವೆ ಬೇಕು; ಜಮ್ಮುವಿನ ಭದರ್ವಾದಲ್ಲಿ ರೈತರು ಅದನ್ನು ಬೆಳೆಯುತ್ತಾರೆ. ಹೈದರಾಬಾದಿನ ಬಿಸಿಲಿಗೆ ಅದು ಒಗ್ಗದು. ಇಲ್ಲಿ ಗುಡಿಮಲ್ಕಾಪುರದ ಹೂವಿನ ಮಾರುಕಟ್ಟೆಗೆ ಹೋದರೆ ದವನ, ಮರುಗ ಸಿಗುತ್ತವೆ.

ಗಂಟು ಕಟ್ಟುವ ಮಕ್ಕಳ ಕೈಗೆ ದವನವೇ ಸರಿ: ಒಣಗಿದರೂ ಘಮ ಬಿಡದು. ಕಟ್ಟನ್ನು ನೆರಳಲ್ಲಿ ತಲೆಕೆಳಗಾಗಿ ನೇತುಹಾಕಬೇಕು. ಬಿಸಿಲಿಗಿಟ್ಟರೆ ಎಲೆಯ ಸುಗಂಧತೈಲ ಆವಿಯಾಗಿ ಹೋಗುತ್ತದೆ. ಗರಿಗರಿಯಾದ ಮೇಲೆ ಎಲೆ ಉದುರಿಸಿ, ಹಳೆಯ ಪಂಚೆಯ ತುಂಡಿನಲ್ಲಿಟ್ಟು ದಾರ ಸುತ್ತಿದರೆ ಬೀರುವಿನ ಸೀರೆಗಳ ನಡುವೆ ಇಡಲು ಪುಟ್ಟ ಗಂಟು ಸಿದ್ಧ. ಗಂಟು ಸೊಟ್ಟಗಾದರೆ ಯಾವ ಅಜ್ಜಿಯೂ ತಕರಾರು ತೆಗೆಯುವುದಿಲ್ಲ.

ಲಾವಂಚದ ಬೇರಿನಲ್ಲಿ ಗೊಂಬೆಯನ್ನೂ ಕಟ್ಟಬಹುದು. ಒಣಬೇರು ಮುರಿಯುತ್ತದೆ, ನೆನೆಸಿದರೆ ಬಾಗುತ್ತದೆ. ಗೊಂಬೆಗೆ ನೀರು ಚಿಮುಕಿಸಿದಾಗಲೆಲ್ಲ ಮತ್ತೆ ಘಮಘಮ. ಬೇಸಿಗೆಯಲ್ಲಿ ಕಿಟಕಿ, ಕೂಲರುಗಳಿಗೆ ಕಟ್ಟುವ ತಟ್ಟಿಯೂ ಇದೇ ಬೇರಿನದು.