ಖಾಲಿ ಖೋಕಾ ಇದೆಯಾ, ಭಾಯಿ?

ಮನೆ ಮಾಲೀಕರ ಫೋನ್ ಬಂದದ್ದು ಮೇ ತಿಂಗಳ ಕೊನೆಯ ವಾರ. ಅವರ ಮಗ ಪುಣೆಯಿಂದ ವಾಪಸ್ ಬರುತ್ತಾನಂತೆ, ಅಗ್ರಿಮೆಂಟ್ ಮುಂದುವರಿಸುವುದಿಲ್ಲವಂತೆ. 11 ತಿಂಗಳ ಲೀವ್ ಅಂಡ್ ಲೈಸೆನ್ಸ್‌ನಲ್ಲಿ ಸಂಸಾರ ಮಾಡುವ ನಮ್ಮಂಥವರಿಗೆ ಇದೇನೂ ಹೊಸತಲ್ಲ. ಡೊಂಬಿವಲಿ, ಠಾಣೆ, ಮತ್ತೆ ಡೊಂಬಿವಲಿ ಎಂದು 14 ವರ್ಷದಲ್ಲಿ ನಾವು ಕಟ್ಟಿ ಬಿಚ್ಚಿದ ಮನೆಗಳು ಆರು.

ಪ್ಯಾಕಿಂಗ್‌ನವರು ಹೇಳಿದ ದರದಲ್ಲಿ ಬರೀ ಪೆಟ್ಟಿಗೆ ಮತ್ತು ಕಟ್ಟುವ ಕೂಲಿಗೇ ಆರು ಸಾವಿರ ಹೋಗುತ್ತಿತ್ತು. ಹೊಸ ಮನೆಯ ಡಿಪಾಸಿಟ್, ದಲಾಲಿಗೆ ಒಂದು ತಿಂಗಳ ಬಾಡಿಗೆ, ಮಗಳ ಶಾಲೆಯ ಫೀಸು ಎಲ್ಲ ಅದೇ ತಿಂಗಳಲ್ಲಿ. "ಟೆಂಪೋ ಅವರದ್ದು, ಪೆಟ್ಟಿಗೆ ನಮ್ಮದು" ಎಂದು ಹೇಳಿ ನಾನೇ ಹುಡುಕಾಟಕ್ಕೆ ಹೊರಟೆ.

ಮುಂಬೈಯಲ್ಲಿ ರಟ್ಟಿನ ಪೆಟ್ಟಿಗೆಗೆ ಖೋಕಾ ಅನ್ನುತ್ತಾರೆ. ಇಲ್ಲಿನ ಆಡುಮಾತಿನಲ್ಲಿ ಒಂದು ಪೇಟಿ ಎಂದರೆ ಲಕ್ಷ, ಒಂದು ಖೋಕಾ ಎಂದರೆ ಕೋಟಿ. ಕಿರಾಣಿ ಅಂಗಡಿಯವನ ಬಳಿ "ಹತ್ತು ಖೋಕಾ ಬೇಕು" ಎಂದು ಕೇಳಿದಾಗ ಪಕ್ಕದಲ್ಲಿದ್ದ ಮುದುಕರು "ನನಗೂ ಎರಡು ಕೊಡಿಸಿ" ಎಂದು ನಕ್ಕರು.

ಮೊದಲ ದಿನ ಬರಿಗೈಯಲ್ಲಿ ಬಂದೆ. ಬೆಳಿಗ್ಗೆ ಹೋದದ್ದೇ ತಪ್ಪು. ನಮ್ಮ ರಸ್ತೆಯ ಅಂಗಡಿಗಳಿಗೆ ಮಾಲಿನ ಟೆಂಪೋ ಬರುವುದು ಮಧ್ಯಾಹ್ನದ ಮೇಲೆ. ಸಾಮಾನು ತೆಗೆದು ಕಪಾಟಿಗೆ ಜೋಡಿಸಿದ ಕೂಡಲೇ ಹುಡುಗರು ಪೆಟ್ಟಿಗೆಯ ತಳ ಒಡೆದು ಚಪ್ಪಟೆ ಮಾಡಿ ಹಿಂದೆ ಒಟ್ಟುತ್ತಾರೆ. ಆ ಅರ್ಧ ಗಂಟೆಯೊಳಗೆ ಅಲ್ಲಿರಬೇಕು. ಅದಕ್ಕಿಂತ ಒಳ್ಳೆಯದು, ಹಿಂದಿನ ದಿನವೇ ಹೇಳಿಟ್ಟು ಬರುವುದು.

ಎರಡನೆಯ ದಿನ ಇನ್ನೊಂದು ವಿಷಯ ತಿಳಿಯಿತು. ನಾವು 'ಫ್ರೀ' ಅಂದುಕೊಳ್ಳುವ ಪೆಟ್ಟಿಗೆ ಫ್ರೀ ಅಲ್ಲ. ಅಂಗಡಿಯ ಹುಡುಗ ಅವನ್ನೆಲ್ಲ ಕಟ್ಟಿ ಕೆಜಿ ಲೆಕ್ಕದಲ್ಲಿ ಭಂಗಾರ್‌ವಾಲಾನಿಗೆ ಹಾಕುತ್ತಾನೆ. ಆ ಚಿಲ್ಲರೆ ಹುಡುಗನದ್ದೇ ಎಂದು ಸೇಠ್ ಬಿಟ್ಟಿದ್ದರಂತೆ. "ಭಾಭಿ, ಸೇಠ್ ಹೂಂ ಅಂದರೂ ಹೋಗುವುದು ನನ್ನ ಚಹಾದ ದುಡ್ಡು" ಎಂದ ಆ ಹುಡುಗ, ಸಿಟ್ಟಿಲ್ಲದೆ. ನನಗೆ ನಾಚಿಕೆಯಾಯಿತು. ಹತ್ತು ಪೆಟ್ಟಿಗೆಗೆ ಐವತ್ತು ರೂಪಾಯಿ ಕೊಟ್ಟೆ. ಅಂದಿನಿಂದ ಅವನೇ ಗಟ್ಟಿ ಪೆಟ್ಟಿಗೆ ಆರಿಸಿ ಎತ್ತಿಡುತ್ತಿದ್ದ.

ಗಟ್ಟಿ ಯಾವುದು, ಪೊಳ್ಳು ಯಾವುದು ಎಂದು ನೋಡುವುದನ್ನೂ ಅವನೇ ಕಲಿಸಿದ. ರಟ್ಟಿನ ಅಂಚು ನೋಡಬೇಕು. ಎರಡು ಹಾಳೆಗಳ ನಡುವೆ ಅಲೆಯಂತಹ ಸಾಲು ಒಂದೇ ಇದ್ದರೆ ಅದು ಮೂರು ಪದರದ್ದು, ಬಟ್ಟೆಬರೆಗೆ ಸಾಕು. ಅಲೆಯ ಸಾಲು ಎರಡಿದ್ದರೆ ಐದು ಪದರದ್ದು, ಪಾತ್ರೆ, ಮಿಕ್ಸಿ, ಪುಸ್ತಕಕ್ಕೆ ಅದೇ ಬೇಕು. ಇಡುವಾಗ ಅಲೆಗಳು ಮೇಲಿಂದ ಕೆಳಕ್ಕೆ ನಿಂತಿರಬೇಕು. ಅಡ್ಡ ಮಲಗಿದರೆ ಮೇಲಿನ ಭಾರಕ್ಕೆ ಪೆಟ್ಟಿಗೆ ಕುಸಿಯುತ್ತದೆ.

ಪುಸ್ತಕಕ್ಕೆ ನನ್ನ ಆಯ್ಕೆ ಔಷಧಿ ಅಂಗಡಿಯ ಸಲೈನ್ ಬಾಟಲಿಯ ಪೆಟ್ಟಿಗೆ. ಚಿಕ್ಕದು, ಚೊಕ್ಕ, ಭಾರ ಹೊತ್ತು ಅಭ್ಯಾಸವಾದದ್ದು. ಆಫೀಸಿನಲ್ಲಿ ಜೆರಾಕ್ಸ್ ಕಾಗದ ಬರುವ ಪೆಟ್ಟಿಗೆಯೂ ಹಾಗೆಯೇ. ಡೈಪರ್‌ನ ದೊಡ್ಡ ಪೆಟ್ಟಿಗೆ ಕಂಡು ಮೋಸ ಹೋಗಬಾರದು, ಅದು ದಿಂಬು, ಚಾದರಕ್ಕೆ ಮಾತ್ರ. ಇದು ಕೇಳಿ ತಿಳಿದ ಮಾತಲ್ಲ. ಠಾಣೆಯ ಮನೆ ಬಿಡುವಾಗ ಅಂಥದ್ದೇ ಒಂದರಲ್ಲಿ ನಾಲ್ವತ್ತು ಪುಸ್ತಕ ತುಂಬಿದ್ದೆ. ಜುಲೈ ತಿಂಗಳು. ಮುಂಬೈ ಮಳೆಗಾಲದ ಹವೆಗೆ ರಟ್ಟು ಮೆತ್ತಗಾಗಿತ್ತು. ತಳದ ನಾಲ್ಕು ಕಿವಿಗಳನ್ನು ಒಂದರೊಳಗೊಂದು ಸಿಕ್ಕಿಸಿದ್ದೆನೇ ಹೊರತು ಟೇಪ್ ಹಾಕಿರಲಿಲ್ಲ. ಗೇಟಿನ ಬಳಿ ತಳ ಕಳಚಿ ಎಲ್ಲ ನೀರಿಗೆ ಬಿತ್ತು. ಪುಸ್ತಕಗಳನ್ನು ಮತ್ತೆ ಕೊಳ್ಳಬಹುದಿತ್ತು. ಅವುಗಳ ನಡುವೆ ಅಪ್ಪನ ಎರಡು ನೋಟ್‌ಬುಕ್ ಇದ್ದವು. ತೋಟದ ಲೆಕ್ಕ, ಯಾರಿಗೆ ಎಷ್ಟು ಕೊಟ್ಟದ್ದು, ನಾನು ಹುಟ್ಟಿದ ದಿನದ ಖರ್ಚು, ಎಲ್ಲ ನೀಲಿ ಮಸಿಯಲ್ಲಿ. ಒಣಗಿಸಿದ ಮೇಲೆ ಓದಲು ಸಿಕ್ಕಿದ್ದು ಆರೇಳು ಪುಟ.

ಅದಕ್ಕೇ ಈಗ ತಳಕ್ಕೆ ಎರಡು ಇಂಚಿನ ಕಂದು ಟೇಪನ್ನು ಉದ್ದಕ್ಕೂ ಅಡ್ಡಕ್ಕೂ ಎಳೆದು ಎರಡು ಬದಿಗೂ ಹತ್ತಿಸುತ್ತೇನೆ. ತಂದ ಪೆಟ್ಟಿಗೆಗಳನ್ನು ನೆಲಕ್ಕೆ ತಾಗಿಸದೆ ಮಂಚದ ಮೇಲೆ ಇಡುತ್ತೇನೆ. ಅದಕ್ಕೂ ಮೊದಲು ಬಿಸಿಲಿಗೆ ಹಿಡಿದು ಚೆನ್ನಾಗಿ ತಟ್ಟಬೇಕು. ಕಿರಾಣಿ ಪೆಟ್ಟಿಗೆಯ ಆ ಅಲೆಗಳೊಳಗೆ ಜಿರಲೆ ಸಂಸಾರ ಹೂಡಿರುತ್ತದೆ. ಹೊಸ ಮನೆಗೆ ನಮಗಿಂತ ಮೊದಲು ಅವೇ ಗೃಹಪ್ರವೇಶ ಮಾಡುತ್ತವೆ.

ಗಾಜಿಗೆ ಮಾತ್ರ ವೈನ್ ಶಾಪಿನ ಪೆಟ್ಟಿಗೆಯನ್ನು ಮೀರಿಸಿದ್ದಿಲ್ಲ. ಹನ್ನೆರಡು ಬಾಟಲಿಗೆ ಹನ್ನೆರಡು ಕೋಣೆ, ನಡುವೆ ರಟ್ಟಿನ ಗೋಡೆ. ಉಪ್ಪಿನಕಾಯಿಯ ಭರಣಿಗಳಿಗೆ ಹೇಳಿ ಮಾಡಿಸಿದ ಹಾಗೆ. ಕೇಳಲು ಇವರನ್ನು ಕಳಿಸಿದರೆ "ಸೊಸೈಟಿಯವರು ನೋಡಿದರೆ?" ಎಂದು ಅರ್ಧದಿಂದ ವಾಪಸ್ ಬಂದರು. ಕೊನೆಗೆ ನಾನೇ ಹೋದೆ. ಅವರು ಮರುಮಾತಿಲ್ಲದೆ ಐದು ಕೊಟ್ಟರು.

ರಗಳೆ ಆದದ್ದು ಮನೆಯಲ್ಲಿ. ದೇವರ ಸಣ್ಣ ವಿಗ್ರಹಗಳಿಗೆ ಆ ಕೋಣೆಗಳು ಸರಿಯಾಗಿದ್ದವು. ಅತ್ತೆ ಪೆಟ್ಟಿಗೆಯ ಮೇಲಿನ ವಿಸ್ಕಿಯ ಚಿತ್ರ ನೋಡಿ "ಇದರಲ್ಲಿ ದೇವರನ್ನು ಇಡುವುದಾ ಮಾರಾಯ್ತಿ!" ಎಂದು ಕೂತುಬಿಟ್ಟರು. ನಾನು ಒಳಗಿನ ಗೋಡೆಗಳನ್ನಷ್ಟೇ ಎತ್ತಿ ಬಿಸ್ಕೆಟ್ ಪೆಟ್ಟಿಗೆಯೊಳಗೆ ಇಳಿಸಿದೆ. ಗೋಡೆ ಎಲ್ಲಿಯದೆಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಪೆಟ್ಟಿಗೆಗಳ ಮೇಲೆ ಮಗಳು ಕನ್ನಡದಲ್ಲಿ ಹೆಸರು ಬರೆದಳು. ಒಳಗೇನಿದೆಯೆಂದು ಯಾರಿಗೂ ತಿಳಿಯಬಾರದಲ್ಲ, ಜಾಣತನ ಎಂದುಕೊಂಡೆವು. ಪರಿಣಾಮವಾಗಿ 'ಅಡುಗೆಮನೆ' ಎಂದಿದ್ದ ನಾಲ್ಕೂ ಬಚ್ಚಲಿನ ಬಾಗಿಲಿಗೆ ಹೋಗಿ ಕೂತವು. ಹೊರುವವರು ಬಿಹಾರದವರು. ಮುಂದಿನ ಸಲ ಕುಕ್ಕರ್‌ನ ಚಿತ್ರ ಬರೆಯುತ್ತಾಳಂತೆ.

ಒಟ್ಟು 31 ಪೆಟ್ಟಿಗೆ. ಟೇಪ್, ಹುಡುಗನ ಚಹಾ ಸೇರಿ ಖರ್ಚು ನಾನೂರ ಎಂಬತ್ತು. ಒಂದೂ ಒಡೆಯಲಿಲ್ಲ. ಅಪ್ಪನ ಉಳಿದ ಪುಟಗಳನ್ನು ಪೆಟ್ಟಿಗೆಗೆ ಹಾಕದೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಕೈಚೀಲದಲ್ಲಿ ಇಟ್ಟುಕೊಂಡೇ ಹೋದೆ.

ಸಾಮಾನು ಬಿಚ್ಚಿದ ನಾಲ್ಕನೇ ದಿನ ಕೆಳಗಿನ ಮಹಡಿಯ ಹೆಣ್ಣುಮಗಳೊಬ್ಬಳು ಬಾಗಿಲು ತಟ್ಟಿದಳು. ನಮ್ಮ ಮಾತು ಮೆಟ್ಟಿಲಲ್ಲಿ ಕೇಳಿಸಿತ್ತಂತೆ. "ಅಕ್ಕಾರ, ಖಾಲಿ ಡಬ್ಬಿ ಅದಾವೇನ್ರೀ? ನಾವು ಮುಂದಿನ ವಾರ ಮನಿ ಬಿಡಾಕತ್ತೀವಿ." ಬೆಳಗಾವಿ ಕಡೆಯವರು. ಕನ್ನಡದ ನೆರೆ ಸಿಕ್ಕಿತೆಂದು ಖುಷಿಪಡುವ ಮೊದಲೇ ಅವರು ಹೊರಟಿದ್ದರು. ಚಹಾ ಕುಡಿಸಿ 27 ಕೊಟ್ಟು ಕಳಿಸಿದೆ. ಉಳಿದ ನಾಲ್ಕನ್ನು ಅತ್ತೆ ಮಡಚಿ ಅಟ್ಟಕ್ಕೇರಿಸಿದರು, ಮುಂದಿನ ವರ್ಷಕ್ಕೆ.