ಲೈವ್ ಏಡ್: ಮನೆಯ ಟಿವಿಗಾಗಿ ನಡೆದ ಕಾನ್ಸರ್ಟ್

'ಬೊಹೀಮಿಯನ್ ರಾಪ್ಸಡಿ' ಸಿನಿಮಾ ನೋಡಿದವರಿಗೆ ಅದರ ಕ್ಲೈಮ್ಯಾಕ್ಸ್ ನೆನಪಿರಬಹುದು. ಬಿಳಿ ಬನಿಯನ್ ತೊಟ್ಟ ಫ್ರೆಡ್ಡಿ ಮರ್ಕ್ಯುರಿ, ಎದುರಿಗೆ ಜನಸಾಗರ. ಅದು 1985ರ ಜುಲೈ 13ರಂದು ನಡೆದ ಲೈವ್ ಏಡ್. ಅವತ್ತು ಲಂಡನ್ನಿನ ವೆಂಬ್ಲಿ ಕ್ರೀಡಾಂಗಣದಲ್ಲಿ ಸುಮಾರು 72,000 ಜನ ಇದ್ರು, ಅಮೆರಿಕದ ಫಿಲಡೆಲ್ಫಿಯಾದಲ್ಲಿ ಸುಮಾರು 90,000. ಆದರೆ ಮನೆಯಲ್ಲಿ ಕೂತು ಟಿವಿಯಲ್ಲಿ ನೋಡಿದವರು ನೂರು ಕೋಟಿಗೂ ಹೆಚ್ಚು ಅಂತ ಅಂದಾಜು. ನಿಜ ಹೇಳಬೇಕಂದ್ರೆ ಇಡೀ ಕಾರ್ಯಕ್ರಮ ರೂಪುಗೊಂಡಿದ್ದೇ ಅವರಿಗಾಗಿ.

ಇದು ಶುರುವಾಗಿದ್ದೂ ಟಿವಿಯಿಂದಲೇ. 1984ರ ಅಕ್ಟೋಬರ್‌ನಲ್ಲಿ ಬಿಬಿಸಿ ಇಥಿಯೋಪಿಯಾದ ಬರಗಾಲದ ವರದಿ ತೋರಿಸಿತು. ಅದನ್ನು ನೋಡಿದ ಐರಿಷ್ ಗಾಯಕ ಬಾಬ್ ಗೆಲ್ಡಾಫ್, ಮಿಜ್ ಯೂರ್ ಜೊತೆ ಸೇರಿ ಒಂದು ಹಾಡು ಮಾಡಿದರು. ಅದು ಚೆನ್ನಾಗಿ ಮಾರಾಟವಾಯಿತು. ಮುಂದಿನ ಹೆಜ್ಜೆಯೇ ಎರಡು ಖಂಡಗಳಲ್ಲಿ ಸುಮಾರು 16 ಗಂಟೆ ನಡೆದ ಈ ಕಾರ್ಯಕ್ರಮ.

ಈಗ ನಮ್ಮ ಸಬ್ಜೆಕ್ಟ್‌ಗೆ ಬರೋಣ. ಲಂಡನ್ನಿನಲ್ಲಿ ಡೇವಿಡ್ ಬೋವಿ, ಫಿಲಡೆಲ್ಫಿಯಾದಲ್ಲಿ ಮಿಕ್ ಜಾಗರ್, ಇಬ್ಬರೂ ಒಟ್ಟಿಗೆ ಒಂದು ಯುಗಳಗೀತೆ ಹಾಡಬೇಕು ಅನ್ನೋ ಯೋಚನೆ ಇತ್ತು. ಆಗಲಿಲ್ಲ. ಯಾಕೆ? ಭೂಸ್ಥಿರ ಉಪಗ್ರಹ ಇರೋದು ಸಮಭಾಜಕದ ಮೇಲೆ ಸುಮಾರು 36,000 ಕಿ.ಮೀ. ಎತ್ತರದಲ್ಲಿ. ಸಿಗ್ನಲ್ ಮೇಲೆ ಹೋಗಿ ಕೆಳಗೆ ಬರಲು ಕನಿಷ್ಠ 72,000 ಕಿ.ಮೀ. ಸೆಕೆಂಡಿಗೆ 3 ಲಕ್ಷ ಕಿ.ಮೀ. ವೇಗದಲ್ಲಿ ಓಡಿದರೂ 0.24 ಸೆಕೆಂಡ್ ಬೇಕು. ಬೋವಿ ಹಾಡಿದ್ದು ಜಾಗರ್‌ಗೆ ಕೇಳಿ, ಅವರು ದನಿಗೂಡಿಸಿದ್ದು ವಾಪಸ್ ಬರೋ ಹೊತ್ತಿಗೆ ಸುಮಾರು ಅರ್ಧ ಸೆಕೆಂಡ್. ನಿಮಿಷಕ್ಕೆ 120 ಬೀಟ್ ಇರೋ ಹಾಡಿನಲ್ಲಿ ಅರ್ಧ ಸೆಕೆಂಡ್ ಅಂದ್ರೆ ಪೂರಾ ಒಂದು ಬೀಟ್! ತಾಳ ತಪ್ಪದೆ ಇರುತ್ತಾ? ಕೊನೆಗೆ ಮೊದಲೇ ಚಿತ್ರೀಕರಿಸಿದ ವಿಡಿಯೊ ತೋರಿಸಿದರು. ಫಿಲ್ ಕಾಲಿನ್ಸ್ ಮಾತ್ರ ವೆಂಬ್ಲಿಯಲ್ಲಿ ಹಾಡಿ, ಕಾಂಕಾರ್ಡ್ ವಿಮಾನ ಹತ್ತಿ, ಅದೇ ದಿನ ಫಿಲಡೆಲ್ಫಿಯಾದಲ್ಲೂ ಹಾಡಿದರು.

ನೋಡುವವರಿಗೆ ಕಾಲು ಸೆಕೆಂಡಿನ ವಿಳಂಬ ಲೆಕ್ಕಕ್ಕಿಲ್ಲ. ಹಾಸ್ಟೆಲ್‌ನಲ್ಲಿ ಪಕ್ಕದ ರೂಮಿನವರು ಸಿಕ್ಸರ್‌ಗೆ ಕೂಗಿ ಎಷ್ಟೋ ಹೊತ್ತಿನ ಮೇಲೆ ನಮ್ಮ ಮೊಬೈಲಲ್ಲಿ ಬೌಲರ್ ಓಡಿ ಬರ್ತಾನೆ, ಆದರೂ ನಾವು 'ಲೈವ್' ಅಂತಲೇ ನೋಡ್ತೀವಲ್ಲ, ಹಾಗೆ. ಕೇಳುವವರಿಗೆ ಅಡ್ಡಿಯಾಗದ ವಿಳಂಬ, ಜೊತೆಗೆ ಹಾಡುವವರಿಗೆ ಅಡ್ಡಿ. ಇನ್ನೊಂದು ತಲೆನೋವೂ ಇತ್ತು. ಬ್ರಿಟನ್ನಿನ ಟಿವಿ ಚಿತ್ರದಲ್ಲಿ 625 ಗೆರೆ, ಸೆಕೆಂಡಿಗೆ 25 ಫ್ರೇಮ್. ಅಮೆರಿಕದಲ್ಲಿ 525 ಗೆರೆ, ಸುಮಾರು 30 ಫ್ರೇಮ್. ಸಾಗರ ದಾಟಿದ ಪ್ರತಿ ದೃಶ್ಯವನ್ನೂ ಆಗಿಂದಾಗಲೇ ಪರಿವರ್ತಿಸಬೇಕಿತ್ತು.

ಟಿವಿಯ ಗಡಿಯಾರ ಸಂಗೀತವನ್ನೂ ಆಳಿತು. ಕ್ವೀನ್‌ಗೆ ಸಿಕ್ಕಿದ್ದು ಸುಮಾರು 20 ನಿಮಿಷ. ಜನಪ್ರಿಯ ಹಾಡುಗಳನ್ನೇ ಆರಿಸಿ, ಕತ್ತರಿಸಿ, ಒಂದಕ್ಕೊಂದು ಜೋಡಿಸಿ ಹಾಡಿದರು. ಯು2 ತಂಡದ ಬೊನೊ ವೇದಿಕೆಯಿಂದಿಳಿದು ಪ್ರೇಕ್ಷಕರ ಕಡೆ ಹೋಗಿ ಒಂದೇ ಹಾಡನ್ನು ಎಳೆದ ಕಾರಣ, ಅವರ ಮೂರನೇ ಹಾಡಿಗೆ ಸಮಯವೇ ಉಳಿಯಲಿಲ್ಲ. ಎಡವಟ್ಟುಗಳೂ ಆದವು. ದಿ ಹೂ ತಂಡ ಹಾಡುವಾಗ ಪ್ರಸಾರ ಕಡಿದುಹೋಯಿತು. ಪಾಲ್ ಮೆಕಾರ್ಟ್ನಿ ಪಿಯಾನೊ ಮುಂದೆ ಕೂತು ಹಾಡಲು ಶುರುಮಾಡಿದಾಗ ಮೈಕೇ ಸತ್ತಿತ್ತು.

ಆದರೆ ಉದ್ದೇಶ ದುಡ್ಡು ಕೂಡಿಸೋದು ತಾನೆ? ಬಿಬಿಸಿ ಸ್ಟುಡಿಯೊದಲ್ಲಿ ನಿರೂಪಕರು ದೇಣಿಗೆ ಕಳಿಸಲು ಅಂಚೆ ವಿಳಾಸ ಓದಲು ಹೊರಟಾಗ ಗೆಲ್ಡಾಫ್ ಸಿಟ್ಟಿನಿಂದ ತಡೆದು, ಮೊದಲು ಫೋನ್ ನಂಬರ್ ಕೊಡಿ ಅಂದರು. ಅವರ ಲೆಕ್ಕ ಸರಿಯಾಗಿತ್ತು. ನೋಡುವವನ ಮನಸ್ಸು ಕರಗಿದ ಕ್ಷಣಕ್ಕೂ ಕೊಡುವ ಕ್ಷಣಕ್ಕೂ ಅಂತರ ಹೆಚ್ಚಾದಷ್ಟೂ ದೇಣಿಗೆ ಕಡಿಮೆ. ಬೋವಿ ತನ್ನ ಒಂದು ಹಾಡು ಬಿಟ್ಟುಕೊಟ್ಟು, ಆ ಸಮಯದಲ್ಲಿ ಬರಗಾಲದ ಮಕ್ಕಳ ದೃಶ್ಯಗಳನ್ನು ತೋರಿಸಲು ಅವಕಾಶ ಮಾಡಿದರು. ಅವತ್ತಿನ ಅತ್ಯಂತ ಪರಿಣಾಮಕಾರಿ ಕೆಲವು ನಿಮಿಷಗಳು ಅವೇ.

ಫೋನ್‌ನಿಂದ ಆಚೆಗಿನ ದಾರಿ ಮಾತ್ರ ಬೇರೆ ಥರ. ಇಥಿಯೋಪಿಯಾದ ಹಸಿವಿಗೆ ಮಳೆ ಬಾರದಿದ್ದುದು ಒಂದೇ ಕಾರಣವಲ್ಲ. ಮೆಂಗಿಸ್ಟು ಅವರ ಸೈನಿಕ ಸರ್ಕಾರಕ್ಕೂ ಉತ್ತರದ ಬಂಡುಕೋರರಿಗೂ ಯುದ್ಧ ನಡೀತಿತ್ತು. ಸರ್ಕಾರ ಲಕ್ಷಾಂತರ ಜನರನ್ನು ಉತ್ತರದಿಂದ ದಕ್ಷಿಣಕ್ಕೆ ಸಾಗಿಸ್ತಿತ್ತು, ಎಷ್ಟೋ ಜನರನ್ನು ಬಲವಂತವಾಗಿ. ನೆರವನ್ನೇ ಇದಕ್ಕೆ ಬಳಸಲಾಗ್ತಿದೆ ಅಂತ ದೂರಿದ ಫ್ರಾನ್ಸ್‌ನ 'ಗಡಿರಹಿತ ವೈದ್ಯರು' ಸಂಸ್ಥೆಯನ್ನು 1985ರ ಡಿಸೆಂಬರ್‌ನಲ್ಲಿ ದೇಶದಿಂದ ಹೊರಹಾಕಲಾಯಿತು. ಧಾನ್ಯಕ್ಕೆ ದುಡ್ಡು ಸಾಲದು. ಲಾರಿ ಬೇಕು, ರಸ್ತೆ ಬೇಕು, ಆ ರಸ್ತೆಯಲ್ಲಿ ಹೋಗಲು ಬಿಡುವವರೂ ಬೇಕು.

ಹಾಗಂತ ಟಿವಿ ಮುಂದೆ ಕೂತು ಕೊಟ್ಟ ದುಡ್ಡು ದಂಡ ಅಲ್ಲ. ಅದರಿಂದ ಹೊಟ್ಟೆ ತುಂಬಿದವರೂ ಇದ್ದಾರೆ. ಇಂದು ಪ್ರವಾಹವೋ ಭೂಕಂಪವೋ ಆದಾಗ ನಮ್ಮ ಮೊಬೈಲ್‌ಗೂ ಕ್ಯೂಆರ್ ಕೋಡ್ ಬರುತ್ತೆ, ಎರಡು ಸೆಕೆಂಡಲ್ಲಿ ದುಡ್ಡು ಹೋಗುತ್ತೆ. ಖಂಡಿತ ಕೊಡಿ. ಜೊತೆಗೆ, ಅಲ್ಲಿಂದ ಮುಂದೆ ಅದನ್ನು ಯಾರು, ಯಾವ ದಾರಿಯಲ್ಲಿ ತಲುಪಿಸ್ತಾರೆ ಅಂತಲೂ ಕೇಳಿ.